ಉಸಿರೆಣಿಸುವ ಒಂದು ನಿಮಿಷ

ಐಪ್ಪಸಿ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ಸೇಲಂನ ಅಮ್ಮಾಪೇಟೆ, ಗುಗೈ ಕಡೆಯ ಓಣಿಗಳಲ್ಲಿ ಮಗ್ಗದ ಸದ್ದಿನ ಜೊತೆಗೆ ಕೆಮ್ಮಿನ ಸದ್ದೂ ಶುರುವಾಗುತ್ತದೆ. ಸೋಮವಾರ ಒಂದು ಮನೆಯ ಮಗು ಕೆಮ್ಮಿದರೆ ವಾರ ತಿರುಗುವುದರೊಳಗೆ ಪಕ್ಕದ ಮನೆಯ ಅಜ್ಜನಿಗೂ ನೆಗಡಿ. ಈ ಓಣಿಗಳ ದೇವಾಂಗ ನೇಕಾರರಲ್ಲಿ ಅನೇಕರಿಗೆ ಮನೆಮಾತು ಇವತ್ತಿಗೂ ಕನ್ನಡ; ಔಷಧಿ ಅಂಗಡಿಯ ಕಟ್ಟೆ ಹತ್ತಿದ ಮೇಲೆ ತಮಿಳು. ಉತ್ತರಕ್ಕೆ, 1965ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿದ್ದ ಧರ್ಮಪುರಿಯ ಪೆನ್ನಾಗರಂ, ಪಾಲಕ್ಕೋಡು ಕಡೆಯ ಕನ್ನಡದ ಮನೆಗಳಲ್ಲೂ ಇದೇ ಪಾಡು. ಮಳೆಗಾಲದಲ್ಲಿ ಈ ಅಂಕಣಕ್ಕೆ ಬರುವ ಪ್ರಶ್ನೆಯೂ ಬದಲಾಗುವುದಿಲ್ಲ: ಮನೆಮದ್ದು ಎಷ್ಟು ದಿನ ಮಾಡಬಹುದು, ಡಾಕ್ಟರ ಹತ್ತಿರ ಎಷ್ಟನೇ ದಿನ ಹೋಗಬೇಕು?

ದಿನದ ಲೆಕ್ಕ ಬೇಕೇ ಬೇಕು, ಆದರೆ ಅದು ಎರಡನೆಯ ಲೆಕ್ಕ. ಮೊದಲನೆಯದು ಉಸಿರಿನದು. ನೆಗಡಿಯಾದ ಮಗುವಿನ ಮನೆಯಲ್ಲಿ ಎಲ್ಲರ ಗಮನವೂ ಕೆಮ್ಮಿನ ಮೇಲೆಯೇ ಇರುತ್ತದೆ. ಕೆಮ್ಮು ಕೇಳಿಸುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ, ಅತ್ತೆಯಿಂದ ಮಾತು ಬರಿಸುತ್ತದೆ. ಉಸಿರು ಮಾತ್ರ ಸದ್ದಿಲ್ಲದೆ ಕೆಡುತ್ತದೆ.

ನೆಗಡಿ, ಗಂಟಲು ಕೆರೆತ, ಮೈಕೈ ನೋವು, ಸಾಧಾರಣ ಜ್ವರ, ಇವುಗಳಲ್ಲಿ ಬಹುಪಾಲು ವೈರಸ್ಸಿನ ಕೆಲಸ. ತನ್ನ ಪಾಡಿಗೆ ಬರುತ್ತದೆ, ತನ್ನ ಪಾಡಿಗೆ ಹೋಗುತ್ತದೆ. 2023ರ ಮಾರ್ಚ್‌ನಲ್ಲಿ ದೇಶದಾದ್ಯಂತ ಎಚ್3ಎನ್2 ಜ್ವರ ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘ ಒಂದು ಪ್ರಕಟಣೆ ಹೊರಡಿಸಿತು. ಈ ಸೋಂಕು ಐದರಿಂದ ಏಳು ದಿನ ಇರುತ್ತದೆ, ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಕೆಮ್ಮು ಮಾತ್ರ ಮೂರು ವಾರದವರೆಗೂ ಉಳಿಯಬಹುದು, ಇದಕ್ಕೆ ಆ್ಯಂಟಿಬಯಾಟಿಕ್ ಬೇಡ ಎಂಬುದು ಅದರ ಸಾರ. ಜನ ಅಜಿತ್ರೋಮೈಸಿನ್, ಅಮಾಕ್ಸಿಕ್ಲಾವ್ ಮಾತ್ರೆಗಳನ್ನು ಲೆಕ್ಕವಿಲ್ಲದೆ ನುಂಗಿ, ಸ್ವಲ್ಪ ಹಾಯೆನಿಸಿದೊಡನೆ ನಿಲ್ಲಿಸುತ್ತಾರೆ ಎಂದು ಮಾತ್ರೆಗಳ ಹೆಸರು ಹಿಡಿದೇ ಅದು ದೂರಿತ್ತು.

ಮೂರು ವಾರ ಎಂದರೆ ಯಾರೂ ನಂಬುವುದಿಲ್ಲ. ಕೆಮ್ಮು ವಾರದಲ್ಲಿ ಹೋಗಬೇಕೆಂದು ಮನೆಯವರೇ ಗಡುವು ಹಾಕಿಕೊಂಡಿರುತ್ತಾರೆ. ಐದನೇ ದಿನ ಒಬ್ಬ ಡಾಕ್ಟರು, ಒಂಬತ್ತನೇ ದಿನ ಇನ್ನೊಬ್ಬರು, ಹದಿನೈದಕ್ಕೆ ಮೂರನೆಯವರು. ಅಷ್ಟರಲ್ಲಿ ಕೆಮ್ಮು ತಾನಾಗಿಯೇ ಇಳಿಯುವ ಹೊತ್ತಾಗಿರುತ್ತದೆ, ಮೂರನೆಯವರ ಕೈಗುಣ ಊರಿಗೆಲ್ಲ ಹಬ್ಬುತ್ತದೆ. ಈ ಭಾಗದ ಎಷ್ಟೋ ಕ್ಲಿನಿಕ್ಕುಗಳ ಹೆಸರು ಬೆಳೆದಿರುವುದು ಹೀಗೆಯೇ ಎಂದು ಈ ಅಂಕಣಕಾರನ ಗುಮಾನಿ.

ಹಾಗಾದರೆ ಉಸಿರಿನ ಲೆಕ್ಕ ಏನು? ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, ಎರಡು ತಿಂಗಳಿಂದ ಒಂದು ವರ್ಷದವರೆಗಿನ ಮಗು 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಬರೀ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದು. ಅವತ್ತೇ ಆಸ್ಪತ್ರೆಗೆ ಹೊರಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆಲ್ಲ ಕಲಿಸುವ ಲೆಕ್ಕ ಇದೇ.

ಇದು ಜಿನೀವಾದ ಕಚೇರಿಯಲ್ಲಿ ಕೂತು ಬರೆದ ಲೆಕ್ಕವಲ್ಲ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗೊರೊಕ ಎಂಬ ಬೆಟ್ಟದೂರಿನಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು, ಎಕ್ಸ್‌ರೇ ಇಲ್ಲದ ಕಡೆ ನ್ಯುಮೋನಿಯಾವನ್ನು ಕಣ್ಣಳತೆಯಲ್ಲೇ ಹಿಡಿಯುವುದು ಹೇಗೆಂದು ಹುಡುಕಿದರು. ಅದರ ಬೆನ್ನಿಗೇ ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಟಿ. ಚೆರಿಯನ್, ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು ಮಕ್ಕಳ ಉಸಿರನ್ನು ಎಣಿಸಿ ನೋಡಿ, ವರ್ಷದೊಳಗಿನವರಿಗೆ 50, ಅದಕ್ಕಿಂತ ದೊಡ್ಡ ಮಕ್ಕಳಿಗೆ 40 ಎಂಬ ಗೆರೆ ಚೆನ್ನಾಗಿ ಕೆಲಸ ಮಾಡುತ್ತದೆಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಧರ್ಮಪುರಿಯ ತಾಯಿಗೆ ಈ ಲೆಕ್ಕ ಹೊರನಾಡಿನದೇನೂ ಅಲ್ಲ.

ಓದುಬರಹ ಬಾರದವರು ಎಣಿಸುವುದು ಹೇಗೆ ಎಂಬ ಪ್ರಶ್ನೆಗೂ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಸೂಲಗಿತ್ತಿಯರಿಗೆ ಒಂದು ನಿಮಿಷದ ಮರಳು ಗಡಿಯಾರ ಮತ್ತು ಮಣಿ ಪೋಣಿಸಿದ ಒಂದು ಚೌಕಟ್ಟು ಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೊನೆಯ ಮಣಿ ಮುಟ್ಟಿದರೆ ಮಗುವಿಗೆ ನ್ಯುಮೋನಿಯಾ. ಹೀಗೆ ಗುರುತಿಸಿ ಹಳ್ಳಿಯಲ್ಲೇ ಔಷಧಿ ಕೊಟ್ಟಾಗ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಸಂಖ್ಯೆ ಇಳಿಯಿತೆಂಬ ಅವರ ವರದಿ 1990ರಲ್ಲಿ ಪ್ರಕಟವಾಯಿತು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಅದರಲ್ಲಿ ಸ್ಟಾಪ್‌ವಾಚ್ ಇದೆ. ಅದನ್ನು ಒತ್ತಿ ಮಗುವಿನ ಉಸಿರು ಎಣಿಸಿದವರು ಮಾತ್ರ ವಿರಳ.

ಎಣಿಸುವ ಕ್ರಮವೂ ಉಂಟು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ತಾಯಿಯ ಮಡಿಲಲ್ಲಿ ಸುಮ್ಮನಿದ್ದರೆ, ನಿದ್ದೆಯಲ್ಲಿದ್ದರೆ ಒಳ್ಳೆಯದು. ಅಂಗಿಯನ್ನು ಎದೆಯವರೆಗೆ ಎತ್ತಿ, ಹೊಟ್ಟೆ ಮತ್ತು ಎದೆ ಕೂಡುವ ಜಾಗದ ಮೇಲೆ ಕಣ್ಣಿಡಬೇಕು. ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ನೋಡಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ಬೇಡ; ಕೂಸುಗಳು ಒಂದಷ್ಟು ಹೊತ್ತು ಬೇಗ ಬೇಗ ಉಸಿರಾಡಿ, ಮತ್ತೆ ತುಸು ತಡೆದು ಆಡುತ್ತವೆ. ಜ್ವರ ಏರಿದ್ದಾಗಲೂ ಉಸಿರು ಜೋರಾಗುವುದರಿಂದ, ಮಗು ಬೇರೆ ರೀತಿಯಲ್ಲಿ ಗೆಲುವಾಗಿದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಬಹುದು. ಎರಡು ತಿಂಗಳೊಳಗಿನ ಕೂಸಿಗೆ ಈ ಕಾಯುವಿಕೆ ಸಲ್ಲದು. ಅದಕ್ಕೆ ಜ್ವರ ಬಂದರೂ, ಹಾಲು ಕುಡಿಯುವುದು ಕಡಿಮೆಯಾದರೂ ನೇರ ಆಸ್ಪತ್ರೆಗೇ.

ಅಂಗಿ ಎತ್ತಿದಾಗಲೇ ಇನ್ನೊಂದನ್ನೂ ನೋಡಿಬಿಡಬೇಕು. ಉಸಿರು ಒಳಗೆ ಎಳೆದಾಗ ಎದೆ ಉಬ್ಬುವುದು ಸಹಜ. ಬದಲಿಗೆ ಪಕ್ಕೆಲುಬಿನ ಕೆಳಭಾಗ ಪ್ರತಿ ಉಸಿರಿಗೂ ಒಳಕ್ಕೆ ಗುಳಿ ಬೀಳುತ್ತಿದ್ದರೆ ಮಗು ತನ್ನ ಬಲವನ್ನೆಲ್ಲ ಉಸಿರಿಗೇ ಸುರಿಯುತ್ತಿದೆ ಎಂದರ್ಥ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬಿ ಅದು ಬಿರುಸಾಗಿರುತ್ತದೆ. ಮೃದುವಾದ ಎಳೆಯ ಎದೆಗೂಡು ಆ ಎಳೆತಕ್ಕೆ ಒಳಸರಿಯುತ್ತದೆ. ಸುಮ್ಮನಿದ್ದಾಗಲೂ ಗಂಟಲಿಂದ ಕರ್ಕಶ ಸದ್ದು, ತುಟಿ ನೀಲಿಗಟ್ಟುವುದು, ಕುಡಿದದ್ದನ್ನೆಲ್ಲ ಕಕ್ಕುವುದು, ಏನನ್ನೂ ಕುಡಿಯಲಾರದೆ ಹೋಗುವುದು, ಫಿಟ್ಸ್, ಎಬ್ಬಿಸಿದರೂ ಕಣ್ಣು ಬಿಡದ ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಇವು ಯಾವುವೂ ಇಲ್ಲ, ಮಗು ಮೂಗು ಸುರಿಸಿಕೊಂಡೇ ಆಡುತ್ತಿದೆ, ಕುಡಿಯುತ್ತಿದೆ ಎಂದಾದರೆ ಮನೆಯೇ ಸರಿಯಾದ ಜಾಗ. ಮನೆಮದ್ದಿಗೆ ಇಲ್ಲಿ ಬರವಿಲ್ಲ. ಅಂಗಳದ ಕುಂಡದಲ್ಲಿ ದೊಡ್ಡಪತ್ರೆ, ಬೇಲಿಯಲ್ಲಿ ಆಡುಸೋಗೆ, ಡಬ್ಬದಲ್ಲಿ ಒಣಶುಂಠಿ, ಮೆಣಸು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸುಕ್ಕು ಕಾಪಿ. ದೊಡ್ಡವರಿಗೆ ಇವೆಲ್ಲ ಗಂಟಲಿಗೆ ಹಿತ, ಹೊಟ್ಟೆಗೆ ಬಿಸಿ, ಯಾರೂ ಬೇಡವೆನ್ನುವುದಿಲ್ಲ. ಕಫ ಸಡಿಲಿಸಲು ಡಾಕ್ಟರುಗಳು ಬರೆಯುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯ ಮೂಲ ಇದೇ ಆಡುಸೋಗೆಯ ವ್ಯಾಸಿಸಿನ್ ಎಂಬ ಸತ್ವದಲ್ಲಿದೆ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧದಿಂದ ಒಂದು ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆಂಬುದಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ವರ್ಷದೊಳಗಿನ ಕೂಸಿನ ನಾಲಿಗೆಗೆ ಮಾತ್ರ ಜೇನು ತಾಗಿಸಲೂ ಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಗುಳುತ್ತವೆ. ಕಟ್ಟಿದ ಮೂಗಿಗೆ ಔಷಧಿ ಅಂಗಡಿಯ ಉಪ್ಪುನೀರಿನ ಹನಿ ಸಾಕು. ಎದೆಹಾಲನ್ನು ಶೀತ ಎಂದು ನಿಲ್ಲಿಸುವುದಂತೂ ಕೂಡದು, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಬೇಕು.

ಬಿಡಬೇಕಾದ ಮನೆಮದ್ದುಗಳೂ ಇವೆ, ಅವನ್ನು ಹೇಳಿದರೆ ಹಿರಿಯರಿಗೆ ಬೇಜಾರು. ಎಣ್ಣೆ ನೀರು ಎರೆದಾಗ ಕೂಸಿನ ಮೂಗಿಗೆ, ಬಾಯಿಗೆ ಎಣ್ಣೆ ಬಿಡುವುದು ಅದರಲ್ಲಿ ಮೊದಲನೆಯದು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾದ ಬಗ್ಗೆ, ದಕ್ಷಿಣ ಭಾರತದ ಮಕ್ಕಳ ಉದಾಹರಣೆಯನ್ನೇ ಇಟ್ಟುಕೊಂಡು, 1973ರಷ್ಟು ಹಿಂದೆಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರಹ ಬಂದಿತ್ತು. ಐವತ್ತು ವರ್ಷವಾದರೂ ಎಣ್ಣೆ ಬಿಡುವುದು ನಿಂತಿಲ್ಲ. ನೀರೆರೆದ ಮೇಲೆ ಕೂಸಿನ ತಲೆ ಆರಿಸಲು ಹಾಕುವ ಸಾಂಬ್ರಾಣಿ ಹೊಗೆ ನೋಡಲು ಚೆಂದ, ಕೆಮ್ಮುವ ಎದೆಗೆ ಮಾತ್ರ ಅದು ಬರೀ ಹೊಗೆ. ಕರ್ಪೂರ ಎಣ್ಣೆಯಲ್ಲಿ ಕರಗಿಸಿ ಕೂಸಿನ ಎದೆಗೆ ತಿಕ್ಕುವುದೂ ಬೇಡ. ಮಗು ಅದನ್ನು ಅಪ್ಪಿತಪ್ಪಿ ನುಂಗಿದರೆ ಫಿಟ್ಸ್ ಬರಬಹುದು. ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತೊಕ್ಕಂ ತೆಗೆಯುವವರ ಬಳಿ ಒಯ್ಯುವವರೂ ಇದ್ದಾರೆ. ಊದಿ, ಹೀರಿ ತೆಗೆದು ತೋರಿಸುವ ವಸ್ತು ಮಗುವಿನ ಗಂಟಲಿಂದ ಬಂದದ್ದಲ್ಲ. ಅಲ್ಲಿ ಕಳೆದುಹೋಗುವುದು ನ್ಯುಮೋನಿಯಾಕ್ಕೆ ಔಷಧಿ ಶುರುಮಾಡಬೇಕಾಗಿದ್ದ ದಿನ. ಬಿಸಿನೀರಿನ ಹಬೆಯಿಂದ ದೊಡ್ಡವರಿಗೆ ಮೂಗು ಬಿಟ್ಟಂತಾಗಬಹುದು, ಚಿಕ್ಕ ಮಕ್ಕಳಿಗೆ ಕಂಬಳಿ ಹೊದಿಸಿ ಕುದಿನೀರಿನ ಪಾತ್ರೆಯ ಮುಂದೆ ಕೂರಿಸುವುದು ಸುಟ್ಟಗಾಯಕ್ಕೆ ದಾರಿ.

ಕಷಾಯಕ್ಕಿಂತ ಭಯ ಹುಟ್ಟಿಸಬೇಕಾದದ್ದು ಬಾಟಲಿಯ ಸಿರಪ್ಪು. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಮಾನ್ಯ ಶೀತ, ಕೆಮ್ಮಿಗೆಂದು ಕೋಲ್ಡ್‌ರಿಫ್ ಎಂಬ ಸಿರಪ್ಪು ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಸಿರಪ್ಪು ತಯಾರಾದದ್ದು ತಮಿಳುನಾಡಿನ ಕಾಂಚೀಪುರ ಜಿಲ್ಲೆಯಲ್ಲಿ. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದ ಮಾದರಿಯಲ್ಲಿ ಶೇಕಡಾ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇತ್ತು. ಇರಬಹುದಾದ ಮಿತಿ ಶೇಕಡಾ 0.1. ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ ಅದು. ಅದರ ಬೆನ್ನಲ್ಲೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಬರೆದು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಔಷಧಿ ಬರೆಯಕೂಡದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದಿತು. ವಿಷವಿಲ್ಲದ, ಶುದ್ಧವಾದ ಸಿರಪ್ಪಿನಿಂದಲೂ ಎಳೆಯ ಮಕ್ಕಳ ಕೆಮ್ಮಿಗೆ ಆಗುವ ಲಾಭ ಅತ್ಯಲ್ಪ ಎಂಬುದು ಈ ಗಲಾಟೆಯಲ್ಲಿ ಮರೆಯಾದ ಮಾತು. ಹಾಗಿದ್ದೂ ಅಂಗಡಿಗೆ ಹೋಗಿ “ಮಗುವಿಗೆ ಸಳಿ, ಏನಾದರೂ ಕೊಡಿ” ಎನ್ನುವುದು, ಅಂಗಡಿಯವ ಕಪಾಟಿನಿಂದ ಒಂದು ಬಾಟಲಿ ತೆಗೆಯುವುದು ನಡೆದೇ ಇದೆ. ಹೋದ ಸಲದ ಬಾಟಲಿಯಲ್ಲಿ ಉಳಿದದ್ದನ್ನು ಈ ಸಲ ತಂಗಿಗೆ ಕುಡಿಸುವುದೂ ನಡೆದಿದೆ.

ದೊಡ್ಡವರ ಕೆಮ್ಮಿಗೆ ಬಂದರೆ ದಿನದ ಲೆಕ್ಕ ಮುಂದೆ ಬರುತ್ತದೆ. ಫ್ಲೂವಿನ ಕೆಮ್ಮು ಮೂರು ವಾರ ಉಳಿಯಬಹುದಾದರೂ, ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಇದ್ದರೂ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ, ಕ್ಷಯವೆಂದು ಗೊತ್ತಾದರೆ ಔಷಧಿಯೂ ಉಚಿತ, ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯೂ ಬರುತ್ತದೆ. 2024ರ ನವೆಂಬರ್‌ವರೆಗೆ ಅದು 500 ಇತ್ತು. ಗೊತ್ತಾದರೆ ಮನೆಯಿಂದ ಹೊರಗಿಡುತ್ತಾರೆ, ಮಗಳ ಮದುವೆ ನಿಲ್ಲುತ್ತದೆ ಎಂಬ ಹೆದರಿಕೆಗೆ ಅನೇಕರು ಪರೀಕ್ಷೆಯನ್ನೇ ಮುಂದೂಡುತ್ತಾರೆ.

ಆ ಹೆದರಿಕೆಗೆ ಉತ್ತರ ಬಹಳ ಹಿಂದೆ ಮದರಾಸಿನಲ್ಲೇ ಸಿಕ್ಕಿತ್ತು. 1956ರಲ್ಲಿ ಚೇಟ್‌ಪಟ್‌ನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ, ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ಮುಂದಾಳತ್ವದಲ್ಲಿ, ನಗರದ ಬಡ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪು ಸ್ಯಾನಟೋರಿಯಂಗೆ ಹೋಯಿತು. ಅಲ್ಲಿ ಹಾಸಿಗೆ, ವಿಶ್ರಾಂತಿ, ಒಳ್ಳೆಯ ಊಟ. ಇನ್ನೊಂದು ಗುಂಪು ಇಕ್ಕಟ್ಟಾದ ತಮ್ಮ ಮನೆಗಳಲ್ಲೇ ಉಳಿದು ಅದೇ ಮಾತ್ರೆ ನುಂಗಿತು. ವರ್ಷದ ಕೊನೆಗೆ ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿದ್ದವರಿಂದ ಮನೆಮಂದಿಗೆ ಹೆಚ್ಚಾಗಿ ಕ್ಷಯ ಅಂಟಿದ್ದೂ ಕಾಣಲಿಲ್ಲ. 1959ರಲ್ಲಿ ವರದಿ ಬಂದ ಮೇಲೆ ಜಗತ್ತಿನ ಸ್ಯಾನಟೋರಿಯಂಗಳ ಕಾಲ ಮುಗಿಯುತ್ತ ಬಂತು. ಈ ಕಥೆಯಲ್ಲಿ ಜನ ಮರೆಯುವ ಒಂದು ಸಂಗತಿ ಇದೆ. ಮದರಾಸಿನ ಆ ಕೇಂದ್ರದವರು ರೋಗಿಗಳ ಮನೆಗೆ ಹೇಳದೆ ಕೇಳದೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಔಷಧಿ ನುಂಗಿದ್ದಾರೋ ಇಲ್ಲವೋ ಎಂದು ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಗೆದ್ದದ್ದು ಹಾಗೆ ಕಣ್ಣಿಟ್ಟವರು ಇದ್ದುದರಿಂದ.

ತಮಿಳುನಾಡು ಸರ್ಕಾರ 2022ರಲ್ಲಿ ಕ್ಷಯದ ಸಾವು ತಡೆಯಲೆಂದೇ ಒಂದು ಯೋಜನೆ ಶುರುಮಾಡಿತು. ಕ್ಷಯ ಗೊತ್ತಾದ ದಿನವೇ ರೋಗಿಯ ಸ್ಥಿತಿ ಗಂಭೀರವೋ ಅಲ್ಲವೋ ಎಂದು ಅಳೆಯುವುದು ಅದರ ತಿರುಳು. ಅಲ್ಲೂ ಅಳತೆಗೋಲು ಸರಳ: ತೀರಾ ಬಡಕಲು ಮೈ, ಬಾತ ಕಾಲು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ನಿಮಿಷಕ್ಕೆ 24ಕ್ಕಿಂತ ಹೆಚ್ಚು ಉಸಿರು, ಆಕ್ಸಿಜನ್ 94ಕ್ಕಿಂತ ಕಡಿಮೆ. ಕ್ಷಯವಿಲ್ಲದ ಮನೆಯ ಹಿರಿಯರಿಗೂ ಕೊನೆಯ ಎರಡು ಅಂಕಿ ನೆನಪಿಡುವಂಥವು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಅನೇಕ ಮನೆಗಳ ಬೀರುವಿನಲ್ಲಿದೆ. ಬ್ಯಾಟರಿ ಬದಲಿಸಿ, ಬೆರಳಿನ ಮದರಂಗಿ, ನೇಲ್‌ಪಾಲಿಶ್ ನೋಡಿಕೊಂಡು ಹಾಕಬೇಕು. 90ಕ್ಕಿಂತ ಕೆಳಗಿಳಿದರೆ ತುರ್ತು. ಅಜ್ಜ ಅಜ್ಜಿಯರಿಗೆ ನ್ಯುಮೋನಿಯಾ ಬಂದರೂ ಜ್ವರ ಕಾಣದೇ ಇರಬಹುದು. ಊಟ ಸೇರದು, ಮಾತು ತಡವರಿಸುತ್ತದೆ, ಯಾವ ದಿನವೆಂದು ಮರೆಯುತ್ತದೆ. ವಯಸ್ಸಾಯಿತು ಬಿಡಿ ಎಂದು ಮನೆಯವರು ಸುಮ್ಮನಾಗುವುದು ಇಲ್ಲೇ.

ಉಬ್ಬಸದವರ ವಿಚಾರ ಬೇರೆಯೇ ಒಂದು ಅಂಕಣಕ್ಕೆ ಆಗುವಷ್ಟಿದೆ. ಪಂಪು ಹಿಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ ಮಾತ್ರೆ ನುಂಗುವವರು, ಪಂಪಿನಲ್ಲಿ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಮೈಗೆಲ್ಲ ಹಂಚಿಹೋಗುತ್ತದೆ ಎಂಬುದನ್ನಾದರೂ ತಿಳಿದಿರಲಿ. ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ ಹೆಂಗಸರಿಗೆ ಬೀಡಿ ಸೇದದೆಯೂ ದಮ್ಮು ಬರುತ್ತದೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ, ದನದ ಹುರುಳಿ ಬೇಯಿಸುವುದಕ್ಕೆ ಸೌದೆಯೇ ಉರಿಯುವ ಮನೆಗಳು ಪಾಲಕ್ಕೋಡು ಕಡೆ ಇನ್ನೂ ಇವೆ. ಹಿರಿಯರು, ಉಬ್ಬಸದವರು, ಬಸುರಿಯರು ಫ್ಲೂ ಲಸಿಕೆ ಹಾಕಿಸಿಕೊಳ್ಳುವುದಾದರೆ ಹಿಂಗಾರು ಮಳೆಗೆ ಮುಂಚೆ, ಸೆಪ್ಟೆಂಬರ್ ಒಳಗೇ ಹಾಕಿಸಿಕೊಂಡರೆ ಮೇಲು. ಈ ಸೀಮೆಯಲ್ಲಿ ಫ್ಲೂ ಏರುವುದು ಮಳೆಯ ಜೊತೆಗೆ.

ಯಾವಾಗ ಹೊರಡಬೇಕೆಂಬ ಪ್ರಶ್ನೆಗೆ ಮನೆ ಎಲ್ಲಿದೆ ಎಂಬುದೂ ಉತ್ತರದ ಒಂದು ಪಾಲು. ಗುಗೈನವರಿಗೆ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಆಟೋ ದೂರದಲ್ಲಿದೆ. ಅಂಕಿ ಇನ್ನೂ ಗೆರೆ ಮುಟ್ಟಿರದಿದ್ದರೆ ಸಂಜೆ ಎಣಿಸಿ, ರಾತ್ರಿ ಮತ್ತೆ ಎಣಿಸಿ ಹೊರಡಬಹುದು. ಪೆನ್ನಾಗರಂ ತಾಲೂಕಿನ ಕೋಟ್ಟೂರು ಮಲೆಯಂಥ ಕಡೆ ಹಾಗಲ್ಲ. ಚುನಾವಣೆ ಬಂದಾಗ ಮತಯಂತ್ರಗಳು ಕತ್ತೆಯ ಬೆನ್ನೇರಿ ಹೋದ ಊರು ಅದು. ಅಂಥ ಬೆಟ್ಟದ ಮನೆಯವರು ವರ್ಷದೊಳಗಿನ ಮಗುವಿನ ಉಸಿರು 50 ಮುಟ್ಟಲಿ ಎಂದು ಕಾಯುತ್ತ ಕೂರಬಾರದು. ಮಧ್ಯಾಹ್ನ 46, 47 ಕಂಡು ಮಗು ಹಾಲು ಬಿಡುತ್ತಿದ್ದರೆ ಬೆಳಕಿರುವಾಗಲೇ ಇಳಿದುಬಿಡುವುದು ಕ್ಷೇಮ. ಇಳಿದು ಹೋದ ಮೇಲೆ ಏನೂ ಇಲ್ಲ, ಬರೀ ನೆಗಡಿ ಎಂದರೆ ಯಾರೂ ನಗುವುದಿಲ್ಲ, ನಕ್ಕರೂ ನಗಲಿ.

ಹೊರಡುವಾಗ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಮಗುವನ್ನು ತಲೆ ಎತ್ತರಕ್ಕಿರುವಂತೆ ಎತ್ತಿ ಹಿಡಿದುಕೊಳ್ಳಬೇಕು, ದೊಡ್ಡವರನ್ನು ಒರಗಿಸಿ ಕೂರಿಸಬೇಕು. ಉಸಿರು ಕಟ್ಟುತ್ತಿರುವ ಬಾಯಿಗೆ ಕಷಾಯವಾಗಲಿ ಗಂಜಿಯಾಗಲಿ ಒತ್ತಾಯದಿಂದ ಹಾಕಬಾರದು. ಕೊಟ್ಟ ಮಾತ್ರೆಯ ಹಾಳೆ, ಸಿರಪ್ಪಿನ ಬಾಟಲಿ, ನಾಟಿವೈದ್ಯರ ಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಬಚ್ಚಿಡದೆ ತೋರಿಸಬೇಕು. ಮಗುವಿನ ತೂಕ ಗೊತ್ತಿದ್ದರೆ ಹೇಳಬೇಕು; ಔಷಧಿಯ ಅಳತೆ ನಿಲ್ಲುವುದು ಅದರ ಮೇಲೆ. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಂಡರೂ ಸಾಕು: ಎಷ್ಟು ದಿನದಿಂದ, ಜ್ವರ ಎಷ್ಟು, ಕೊನೆಗೆ ಹಾಲು ಕುಡಿದದ್ದು, ಮೂತ್ರ ಹೊಯ್ದದ್ದು ಯಾವಾಗ, ಉಸಿರು ನಿಮಿಷಕ್ಕೆ ಎಷ್ಟು ಮತ್ತು ಎಣಿಸಿದ್ದು ಎಷ್ಟು ಗಂಟೆಗೆ. ರಾತ್ರಿ ಪಾಳಿಯ ಡಾಕ್ಟರು ತಾವೂ ಎಣಿಸುತ್ತಾರೆ, ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ವರ್ಷದೊಳಗಿನ ಮಗುವಿಗೆ ಮಧ್ಯಾಹ್ನ 44 ಇದ್ದದ್ದು ರಾತ್ರಿ 58 ಆಗಿದ್ದರೆ ಚಿಕಿತ್ಸೆ ಶುರುಮಾಡಲು ಅವರು ತಡಮಾಡುವುದಿಲ್ಲ.